ತಗ್ಗಿದ ಗಾಂಧಾರ

"ಇದರ ಗಾಂಧಾರ ತಗ್ಗಿದೆ" ಎನ್ನುತ್ತ ಆಕೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಳಿಸಿದಳು. ನಮಸ್ಕಾರವಿಲ್ಲ, ಕುಶಲವಿಲ್ಲ.

ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿ ನೋಡಿದ. ಹೆಗಲಲ್ಲಿ ಬಟ್ಟೆಯ ಚೀಲ, ಬೆರಳಿಗೆ ಮೆತ್ತಿದ ಸೀಮೆಸುಣ್ಣ, ಪೆಟ್ಟಿಗೆ ಹೊತ್ತು ನಡೆದ ದಣಿವಿಗೆ ಮೇಲ್ದುಟಿಯ ಮೇಲೊಂದು ಸಾಲು ಬೆವರು. ಶಾಲೆಗೆ ಹೊಸದಾಗಿ ಬಂದ ಸಂಗೀತದ ಟೀಚರ್ ಇವಳೇ ಇರಬೇಕು.

"ಮೊನ್ನೆ ತಾನೇ ಶ್ರುತಿ ಮಾಡಿ ಕಳಿಸಿದ್ದೆನಲ್ಲ ಟೀಚರ್."

"ಮಾಡಿದ್ದೀರಿ. ಮಿಕ್ಕ ಸ್ವರಗಳೆಲ್ಲ ಚೊಕ್ಕವಾಗಿವೆ. ಇದೊಂದು ಮಾತ್ರ ಮುನಿಸಿಕೊಂಡು ಕೂತಿದೆ."

"ನೋಡಿ, ಹದಿನೆಂಟು ವರ್ಷದಿಂದ ಈ ಊರಿನ ಪೆಟ್ಟಿಗೆಗಳನ್ನೆಲ್ಲ ನಾನೇ ನೋಡ್ತಿದ್ದೀನಿ. ಒಬ್ಬರೂ ಈ ಮಾತು ಆಡಿಲ್ಲ."

"ಅದೇ ನನ್ನ ಸಂಕಟ! ಈ ಊರಲ್ಲಿ ಎಲ್ಲರೂ ಗಾಂಧಾರ ತಗ್ಗಿಸಿಯೇ ಹಾಡ್ತಾರೆ. ಬಂದು ಒಂದು ತಿಂಗಳಾಯ್ತು, ನನ್ನ ಕಿವಿಯೇ ಕೆಟ್ಟಿದೆಯೇನೋ ಅಂತ ಡಾಕ್ಟರ ಹತ್ರ ಹೋಗೋದೊಂದು ಬಾಕಿ."

ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಮ್ಮನಿಗೆ ನಗು ಬರಲಿಲ್ಲ. "ಬಿಟ್ಟು ಹೋಗಿ, ನೋಡ್ತೀನಿ" ಎಂದ.

ಅವನು ನೋಡುವ ಕ್ರಮ ಒಂದೇ. ಬೆಂಚಿನ ಎಡಗಡೆ ಅಮ್ಮನ ಹಳೆಯ ಪೆಟ್ಟಿಗೆ, ಬಲಗಡೆ ರಿಪೇರಿಗೆ ಬಂದದ್ದು. ಎಡಗಡೆಯ ಸ್ವರ ನುಡಿಸಬೇಕು, ಬಲಗಡೆಯದು ನುಡಿಸಬೇಕು, ಎರಡೂ ಒಂದಾಗುವ ತನಕ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಯನ್ನು ಅರದಿಂದ ಕೂದಲೆಳೆಯಷ್ಟು ಕೆರೆಯಬೇಕು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಗುರುವಿಲ್ಲದೆ, ಮುರಿದ ಪೆಟ್ಟಿಗೆಗಳನ್ನು ಬಿಚ್ಚಿ ಬಿಚ್ಚಿ ಕಲಿತ ವಿದ್ಯೆ. ಅಮ್ಮನ ಪೆಟ್ಟಿಗೆಯ ಹೊಟ್ಟೆಯನ್ನು ಮಾತ್ರ ಅವನು ಎಂದೂ ತೆರೆದಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೆಲಸಕ್ಕೆ ಕೂರುತ್ತಿದ್ದ. ಮುಟ್ಟಿ ನಮಸ್ಕರಿಸುವುದನ್ನು ಯಾರು ತಾನೇ ಬಿಚ್ಚಿ ನೋಡುತ್ತಾರೆ?

ಶಾಲೆಯ ಪೆಟ್ಟಿಗೆಯ ಗಾಂಧಾರ ಅಮ್ಮನ ಗಾಂಧಾರಕ್ಕೆ ಸರಿಯಾಗಿಯೇ ಇತ್ತು. ಧೂಳು ಒರೆಸಿ ವಾಪಸ್ ಕೊಟ್ಟ.

ನಾಲ್ಕು ದಿನ ಬಿಟ್ಟು ಆಕೆ ಮತ್ತೆ ಬಂದಳು. ಈ ಸಲ ಪೆಟ್ಟಿಗೆಯ ಮುಂದೆ ಕೂತು, ಕಣ್ಣು ಮುಚ್ಚಿ, ಹಾಡಿಯೇ ತೋರಿಸಿದಳು. ಕೇಳಿಸಿಕೊಳ್ಳುವಾಗ ಆಕೆಯ ತಲೆ ಒಂದಿಷ್ಟು ವಾಲುತ್ತಿತ್ತು, ಕಿವಿಯ ಹಿಂದೆ ಸಿಕ್ಕಿಸಿದ್ದ ಕೂದಲು ಜಾರಿ ಕೆನ್ನೆಗಿಳಿಯುತ್ತಿತ್ತು, ಅದನ್ನು ಹಿಂದಕ್ಕೆ ಸರಿಸುವ ವ್ಯವಧಾನವೂ ಅವಳಿಗಿರುತ್ತಿರಲಿಲ್ಲ. ಅವನು ಗಾಂಧಾರವನ್ನು ಮರೆತು ಆ ಕೂದಲನ್ನು ನೋಡುತ್ತ ಕೂತ. ಆಕೆ ಥಟ್ಟನೆ ಕಣ್ಣು ತೆರೆದಳು.

"ಕೇಳಿಸ್ತಾ?"

"ಹಾಂ... ಏನು?"

"ಸ್ವರ ರೀ!"

"ಇನ್ನೊಂದು ಸಲ ಹಾಡಿ" ಎಂದ. ತನ್ನ ದನಿಯ ಬದಲಾವಣೆ ತನಗೇ ಕೇಳಿಸಿ ಕಿವಿ ಕೆಂಪಾಯಿತು. ಆಕೆ ನಗು ತಡೆದುಕೊಂಡು ಇನ್ನೊಂದು ಸಲ ಹಾಡಿದಳು.

ಆಕೆ ಹೋದಮೇಲೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಶಾಲೆ ಕೆಲಸದ ಮಧ್ಯೆ ಬಿಡುವು ಮಾಡಿಕೊಂಡು, ಅಷ್ಟು ಭಾರ ಹೊತ್ಕೊಂಡು ಬರ್ತಾಳೆ. ಬರೀ ಸ್ವರಕ್ಕೆ ಬರ್ತಾಳೆ ಅಂತ ತಿಳ್ಕೊಂಡಿದ್ದೀಯೇನೋ ದಡ್ಡ?"

"ಸುಮ್ನಿರಕ್ಕ."

"ನೀನೂ ದಿನಾ ಗಡ್ಡ ಕೆರೀತಿದ್ದೀಯ. ನಾನೇನೂ ನೋಡಿಲ್ಲಪ್ಪ."

"ನನ್ನ ಕೈ ನಿನಗೆ ಗೊತ್ತಿಲ್ವಾ?" ಎಂದ ಅವನು ಮೆಲ್ಲಗೆ. ಅಕ್ಕ ಮತ್ತೆ ಮೆಷಿನ್ ತುಳಿಯತೊಡಗಿದಳು.

ಅಕ್ಕನಿಗೆ ಗೊತ್ತಿತ್ತು. ಅವರಿಬ್ಬರೂ ಬೆಳೆದ ಮನೆಯಲ್ಲಿ ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆಯ ಸದ್ದೇ ಸಂಜೆಯ ಹಣೆಬರಹ ಹೇಳುತ್ತಿತ್ತು. ಹೆಜ್ಜೆ ನೆಟ್ಟಗೆ ಬಂದರೆ ಊಟ. ತಡೆತಡೆದು ಬಂದರೆ ಅಕ್ಕ ತಮ್ಮನನ್ನು ಎಳೆದುಕೊಂಡು ಮಂಚದ ಕೆಳಗೆ. ಆ ಕತ್ತಲೆಯಲ್ಲಿ ಅಮ್ಮನ ಪೆಟ್ಟಿಗೆಯೂ ಇರುತ್ತಿತ್ತು. ಹೊರಗೆ ಪಾತ್ರೆ ಉರುಳುವಾಗ, ಅಮ್ಮ "ಮಕ್ಕಳಿದ್ದಾರೆ, ಮಕ್ಕಳಿದ್ದಾರೆ" ಎನ್ನುವಾಗ, ಏಳು ವರ್ಷದ ಹುಡುಗ ತಿದಿ ಒತ್ತದೆ ಬರೀ ಸ್ವರದ ಮನೆಗಳ ಮೇಲೆ ಬೆರಳಾಡಿಸುತ್ತಿದ್ದ. ಗಾಳಿಯಿಲ್ಲದ ಪೆಟ್ಟಿಗೆ ಸದ್ದು ಮಾಡುವುದಿಲ್ಲ, ಅಪ್ಪನಿಗೆ ಕೇಳಿಸುವುದಿಲ್ಲ. ಆದರೆ ಹುಡುಗನಿಗೆ ಕೇಳಿಸುತ್ತಿತ್ತು: ಅಮ್ಮ ಬೆಳಗಿನ ಹೊತ್ತು ಬಟ್ಟೆ ಹೊಲಿಯುತ್ತ ಹೇಳಿಕೊಟ್ಟ ಹಾಡು, ಮೊದಲ ಸ್ವರದಿಂದ ಕೊನೆಯ ಸ್ವರದವರೆಗೂ. ಹಾಡು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಹೊರಗಿನದೂ ಮುಗಿದಿರುತ್ತಿತ್ತು. ಮುಗಿಯದಿದ್ದರೆ ಮತ್ತೆ ಮೊದಲಿನಿಂದ. ದೇವರು ಕೆಲವರಿಗೆ ಕೋಟೆ ಕೊಡುತ್ತಾನೆ, ಕೆಲವರಿಗೆ ಕತ್ತಿ. ಅವನಿಗೆ ಸದ್ದಿಲ್ಲದೆ ನುಡಿಯುವ ಒಂದು ಹಾಡು ಕೊಟ್ಟಿದ್ದ. ಆ ಹುಡುಗ ಬದುಕಿ ಉಳಿದದ್ದು ಅದರಿಂದಲೇ.

ಮುಂದೆ ಅಪ್ಪ ಒಂದು ದಿನ ಹೊರಗೆ ಹೋದವನು ತಿರುಗಿ ಬರಲಿಲ್ಲ. ಕೆಲವು ವರ್ಷಕ್ಕೆ ಅಮ್ಮನೂ ಕಣ್ಣು ಮುಚ್ಚಿದಳು. ಆದರೆ ಇಪ್ಪತ್ತರ ಹರೆಯದಲ್ಲಿ, ಯಾವುದೋ ಸಣ್ಣ ಸಿಟ್ಟಿಗೆ ಅವನ ಬಲಗೈ ಗೋಡೆಗೆ ಅಪ್ಪಳಿಸಿತು. ಗಾರೆ ಉದುರಿದ್ದನ್ನು ನೋಡಿ ಅವನು ಅಲ್ಲೇ ಕುಸಿದು ಕೂತ. ಅಪ್ಪ ಹೋಗಿರಲಿಲ್ಲ, ತೋಳಿನೊಳಗೇ ಉಳಿದಿದ್ದ. ಅಂದೇ ಅವನು ತನಗೆ ತಾನೇ ಮಾತು ಕೊಟ್ಟುಕೊಂಡ: ಈ ಕೈಯ ಅಳತೆಯೊಳಗೆ ಯಾವ ಹೆಣ್ಣೂ ಬರಬಾರದು. ಅಕ್ಕ ಮದುವೆಯಾಗಿ ಪಕ್ಕದ ಬೀದಿಯಲ್ಲಿ ಸಂಸಾರ ಹೂಡಿದಳು. ಅವನು ಮೂವತ್ತಾರು ತುಂಬಿದರೂ ಪೆಟ್ಟಿಗೆಗಳ ನಡುವೆಯೇ ಉಳಿದ.

ಮೂರನೇ ಸಲ ಬಂದಾಗ ಟೀಚರ್ ಉತ್ಸಾಹದಲ್ಲಿದ್ದಳು. ಚೀಲದಿಂದ ಮೊಬೈಲ್ ತೆಗೆದು ಅವನ ಪಕ್ಕದಲ್ಲೇ ಬಗ್ಗಿ ನಿಂತಳು.

"ಇದರಲ್ಲಿ ಶ್ರುತಿ ನೋಡೋ ಆ್ಯಪ್ ಇದೆ. ಸ್ವರ ಸರಿ ಇದ್ದರೆ ಮುಳ್ಳು ನಡುವೆ ನಿಲ್ಲುತ್ತೆ. ನುಡಿಸಿ."

ನುಡಿಸಿದ. ಷಡ್ಜಕ್ಕೆ ಮುಳ್ಳು ನಡುವೆ ನಿಂತಿತು, ರಿಷಭಕ್ಕೂ ನಿಂತಿತು. ಗಾಂಧಾರಕ್ಕೆ ಎಡಕ್ಕೆ ವಾಲಿತು.

"ನೋಡಿದ್ರಾ!" ಎಂದಳು. "ಈಗ ನಿಮ್ಮ ಆ ಹಳೆ ಪೆಟ್ಟಿಗೆ ನುಡಿಸಿ. ರೋಗದ ಬೇರು ಅಲ್ಲೇ ಇದೆ ಅಂತ ನನ್ನ ಅನುಮಾನ."

"ಅದನ್ನ ಮುಟ್ಟಬೇಡಿ."

"ಒಂದೇ ಒಂದು ಸಲ..." ಆಕೆಯ ಬೆರಳು ಅಮ್ಮನ ಪೆಟ್ಟಿಗೆಯತ್ತ ಚಾಚಿತು.

"ಮುಟ್ಟಬೇಡ ಅಂದ್ನಲ್ಲ!"

ಅವನ ಅಂಗೈ ಮೇಜಿನ ಮೇಲೆ ಅಪ್ಪಳಿಸಿತು. ಅರ, ಮೊಳೆ, ಹಿತ್ತಾಳೆಯ ಚೂರುಗಳೆಲ್ಲ ಎದ್ದು ಬಿದ್ದವು. ಮುಂಭಾಗದಲ್ಲಿ ಅಕ್ಕನ ಮೆಷಿನ್ನಿನ ಸದ್ದು ನಿಂತುಹೋಯಿತು.

ಟೀಚರ್ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಚೀಲ ಎದೆಗವುಚಿಕೊಂಡಿದ್ದಳು, ಎರಡೂ ಭುಜ ಕಿವಿಯವರೆಗೆ ಏರಿದ್ದವು. ಆ ಭುಜಗಳನ್ನು ಅವನು ಬಲ್ಲ. ಮಂಚದ ಕೆಳಗಿನಿಂದ ಎಷ್ಟು ಸಲ ನೋಡಿಲ್ಲ!

"ನಾನು ಬರೀ ಸ್ವರದ ಮಾತಾಡಿದೆ" ಎಂದಳು ಆಕೆ. ದನಿ ಗಟ್ಟಿಯಾಗಿಯೇ ಇತ್ತು. ಶಾಲೆಯ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು.

ಇಡೀ ಮಧ್ಯಾಹ್ನ ಅವನು ಕೂತಲ್ಲಿಂದ ಏಳಲಿಲ್ಲ. ಹೋದದ್ದು ಗಿರಾಕಿಯಲ್ಲ. ಹದಿನಾರು ವರ್ಷ ಮುಚ್ಚಿಟ್ಟ ಬಾಗಿಲನ್ನು ತಾನೇ ಒಂದು ಬೆರಳಗಲ ತೆರೆದು, ತಾನೇ ಆಕೆಯ ಮುಖಕ್ಕೆ ಬಡಿದಂತಾಗಿತ್ತು. ಬಿಸಿಲು ಬೆಂಚಿನಿಂದ ಗೋಡೆಗೆ ಸರಿಯಿತು. ಆಮೇಲೆ ಅವನೆದ್ದು ಅಮ್ಮನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿಟ್ಟುಕೊಂಡ. ಒಂದು ರಾತ್ರಿ ಅಪ್ಪ ಇದನ್ನು ಒದ್ದಿದ್ದ. ಗಾಂಧಾರ ನಿಜವಾಗಿಯೂ ತಗ್ಗಿದ್ದರೆ ಅದು ಆ ಒದೆಯಿಂದಲೇ ಇರಬೇಕು. ನಾಲಗೆ ಬಾಗಿರುತ್ತದೆ. ಹಾಗಾದರೆ ಹದಿನೆಂಟು ವರ್ಷ ಊರಿಗೆಲ್ಲ ತಾನು ಹಂಚಿದ್ದು ಅಪ್ಪನ ಒದೆಯನ್ನೇ.

ತಿರುಪು ಬಿಚ್ಚಿದ. ಮುಚ್ಚಳ ತೆಗೆದ. ಕನ್ನಡಕ ಇಳಿಸಿಕೊಂಡು ಬಗ್ಗಿ ನೋಡಿದ.

ನಾಲಗೆ ಬಾಗಿರಲಿಲ್ಲ, ಬಿರುಕೂ ಇರಲಿಲ್ಲ. ಅದರ ಬುಡದಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು, ಒತ್ತೊತ್ತಾಗಿ, ಒಂದೇ ದಿಕ್ಕಿನಲ್ಲಿ. ಕಲಿಯದ ಕೈಯ ಕೆಲಸ, ಆದರೆ ಬಹಳ ತಾಳ್ಮೆಯ ಕೈ. ಯಾರೋ ಈ ಸ್ವರವನ್ನು ಬೇಕೆಂದೇ ಇಳಿಸಿದ್ದರು.

"ಅಕ್ಕಾ" ಎಂದು ಕರೆದ. "ಇದನ್ನ ಯಾರು ಕೆರೆದಿದ್ದು?"

ಅಕ್ಕ ಬಂದು ನೋಡಿದಳು. ಆಮೇಲೆ ಬೆಂಚಿನ ತುದಿಯಲ್ಲಿ ಕೂತಳು.

"ಅಮ್ಮ. ಬಟ್ಟೆ ಕತ್ತರಿಸೋ ಕತ್ತರಿಯ ತುದಿಯಿಂದ."

"ಯಾಕೆ?"

"ಒಂದು ಸಲ ಅಮ್ಮ ವಾರಗಟ್ಟಲೆ ಮಾತಾಡಲಿಲ್ಲ, ನೆನಪಿದೆಯಾ? ಗಂಟಲು ಕಟ್ಟಿದೆ ಅಂತ ನಿನಗೆ ಹೇಳಿದ್ವಿ." ಅಕ್ಕ ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನವನ್ನು ತಿರುಗಿಸುತ್ತ ಕೂತಳು. "ಕಟ್ಟಿದ್ದಲ್ಲ ಕಣೋ. ಅಪ್ಪ ಹಿಚುಕಿದ್ದು. ಆಮೇಲೆ ಹಾಡೋಕೆ ಶುರು ಮಾಡಿದಾಗ ಎಲ್ಲ ಸ್ವರ ಬಂತು, ಅದೊಂದು ಮಾತ್ರ ಜಾರಿ ಕೆಳಗೆ ಬೀಳ್ತಿತ್ತು. ನಿನ್ನ ಕಿವಿ ಆಗಲೇ ಅಷ್ಟು ಚುರುಕು. 'ಅಮ್ಮ, ನೀನೊಂದು ಕಡೆ, ಪೆಟ್ಟಿಗೆ ಒಂದು ಕಡೆ' ಅಂತ ಅಳೋಕೆ ಶುರು ಮಾಡಿದೆ. ಏನಾಯ್ತು ಅಂತ ನಿನಗೆ ಗೊತ್ತಾಗಬಾರದು ಅಂತ ಅವಳ ಹಟ. ಒಂದು ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿಕೊಂಡು ಕೂತಳು. ಕೆರೆಯೋದು, ಹಾಡಿ ನೋಡೋದು, ಮತ್ತೆ ಕೆರೆಯೋದು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಅವಳ ಗಂಟಲಿಗೆ ಬಂತು. ನೀನು ನಕ್ಕೆ. ಅಮ್ಮನೂ ನಕ್ಕಳು."

"ಇಷ್ಟು ವರ್ಷ ಹೇಳಲಿಲ್ಲ ನೀನು."

"ಆ ಸ್ವರ ಹಿಡ್ಕೊಂಡೇ ನೀನು ಎದ್ದು ನಿಂತೆ. ಅದು ಗಾಯ ಅಂತ ಹೇಗೋ ಹೇಳಲಿ?"

ಅವನು ಆ ಗೀರುಗಳ ಮೇಲೆ ಬೆರಳಿಟ್ಟ. ಅಪ್ಪನ ಕೈ ಒಂದಿತ್ತು ಮನೆಯಲ್ಲಿ, ಎಲ್ಲರೂ ಅದನ್ನೇ ನೋಡುತ್ತಿದ್ದರು. ಇನ್ನೊಂದು ಕೈ ಇತ್ತು, ಕತ್ತರಿಯ ತುದಿ ಹಿಡಿದು, ಉಸಿರು ಬಿಗಿಹಿಡಿದು, ಮಗುವಿಗಾಗಿ ಕೂದಲೆಳೆಯಷ್ಟು ಕೆರೆದ ಕೈ. ದಿನಾ ಅದೇ ಕೆಲಸ ಮಾಡುವವನು ತಾನು. ಅದೇ ಬಾಗು, ಅದೇ ಬಿಗಿಹಿಡಿದ ಉಸಿರು. ಅವನು ಅಳತೊಡಗಿದ. ಅಕ್ಕ ತಡೆಯಲಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಶಾಲೆಯ ಪೆಟ್ಟಿಗೆ ಹೊತ್ತು ಹೋದ. ಸಂಗೀತದ ಕೋಣೆಯಲ್ಲಿ ಟೀಚರ್ ಒಬ್ಬಳೇ ಹಲಗೆ ಒರೆಸುತ್ತಿದ್ದಳು. ಅವನನ್ನು ಕಂಡು ಅವಳ ಕೈ ನಿಂತಿತು. ಬಾಗಿಲು ತೆರೆದೇ ಇರಲಿ ಎಂದು ಅವನೇ ಅದಕ್ಕೊಂದು ಕುರ್ಚಿ ಅಡ್ಡ ಇಟ್ಟ. ಆಕೆ ಅದನ್ನು ಗಮನಿಸಿದಳು.

"ನಿನ್ನೆ ಮೇಜು ಬಡಿದದ್ದು ತಪ್ಪು" ಎಂದ. "ನೀವು ಹೇಳಿದ್ದು ಸರಿ."

ನಿಂತಲ್ಲೇ ಎಲ್ಲ ಹೇಳಿದ. ಮಂಚದ ಕೆಳಗಿನ ಹಾಡು, ಗೋಡೆಯ ಗಾರೆ, ಕತ್ತರಿಯ ಗೀರು, ಒಂದನ್ನೂ ಬಿಡಲಿಲ್ಲ. ಆಕೆ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೇಳಿದಳು. ನೀರು ತೊಟ್ಟಿಕ್ಕಿ ಕಾಲ ಬಳಿ ಮಡುಗಟ್ಟಿತು.

"ಇನ್ನೂ ಒಂದು ಮಾತಿದೆ" ಎಂದ. "ನೀವು ಬರ್ತೀರೇನೋ ಅಂತ ದಿನಾ ಬೆಳಿಗ್ಗೆಯಿಂದ ಬೀದಿ ನೋಡ್ತಿದ್ದೆ. ಪೆಟ್ಟಿಗೆ ಸರಿ ಆಗದೇ ಇರಲಿ ಅಂತ ದೇವರ ಹತ್ರ ಬೇಡಿಕೊಂಡೂ ಇದ್ದೆ. ನೀವಂದ್ರೆ ನನಗೆ ಅಷ್ಟು ಇಷ್ಟ. ಆದರೆ ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ ಟೀಚರ್. ಅದನ್ನೂ ಹೇಳದೆ ಹೋದರೆ ಮೋಸ ಆಗುತ್ತೆ."

ಆಕೆ ಕಿಟಕಿಯತ್ತ ತಿರುಗಿದಳು. ಬಟ್ಟೆ ಹಿಂಡಿ ಅದರ ಅಂಚಿಗೆ ಹಾಕಿದಳು.

"ಭಯ ಆಯ್ತು ನನಗೆ" ಎಂದಳು.

"ಗೊತ್ತು. ನಿಮ್ಮ ಭುಜ ನೋಡಿದೆ."

"ನಿಮ್ಮ ಕೈಯ ಮೇಲಿನ ನಂಬಿಕೆ ನಾನು ಕೊಡೋ ಅಂಥದ್ದಲ್ಲ. ನೀವೇ ದಿನಾ ಮಾಡ್ಕೋಬೇಕು. ಇನ್ನೊಂದು ಸಲ ಆ ಕೈ ಮೇಜಿನ ಮೇಲೆ ಹಾಗೆ ಬಿದ್ದರೆ ನಾನು ಹೋಗ್ತೀನಿ. ಅತ್ತು ಕರೆದು, ಕ್ಷಮಿಸಿ, ಮತ್ತೆ ಬರೋದು ಅಂತೆಲ್ಲ ಇಲ್ಲ."

"ಹೋಗಬೇಕು" ಎಂದ ಅವನು. "ನಮ್ಮಮ್ಮನೂ ಹೋಗಬೇಕಿತ್ತು."

ಆಕೆ ತಿರುಗಿ ಅವನನ್ನು ದಿಟ್ಟಿಸಿದಳು. ಆ ನೋಟದಲ್ಲಿ ಇನ್ನೂ ಭಯವಿತ್ತು. ಭಯದ ಹಿಂದೆ, ಮೂರು ಸಲ ಪೆಟ್ಟಿಗೆ ಹೊತ್ತು ಬಂದವಳೂ ಇದ್ದಳು.

"ಅರ ತಂದಿದ್ದೀರಾ?"

"ತಂದಿದ್ದೀನಿ."

"ಕೂತ್ಕೊಳ್ಳಿ ಮತ್ತೆ. ಅಮ್ಮನ ಪೆಟ್ಟಿಗೆ ಹಾಗೇ ಇರಲಿ, ಅದು ನಿಮ್ಮ ಮನೆಯದು. ಮಕ್ಕಳ ಪೆಟ್ಟಿಗೆ ಸರಿ ಮಾಡಿ."

ಅವನು ಪೆಟ್ಟಿಗೆ ಬಿಚ್ಚಿದ. ಆಕೆ ಎದುರಿಗೆ, ಒಂದು ತೋಳಿನಷ್ಟು ದೂರ ಬಿಟ್ಟು ಕೂತು ಗಾಂಧಾರ ಹಿಡಿದಳು. ನಾಲಗೆಯ ತುದಿಯಲ್ಲಿ ಅವನ ಅರ ಒಮ್ಮೆ ಸರಿಯಿತು. ನುಡಿಸಿದ. ಆಕೆ ಸಾಲದೆಂದು ತಲೆಯಾಡಿಸಿದಳು. ಮತ್ತೆ ಸರಿಯಿತು, ಮತ್ತೆ ನುಡಿಸಿದ.

"ಸರಿ ಬಂತಲ್ಲ?"

"ಇನ್ನೂ ಸ್ವಲ್ಪ."

"ಈಗಲೇ ಏರಾಯ್ತು. ಕಿವಿಗೆ ಚುಚ್ಚುತ್ತೆ."

"ಇನ್ನೂ ಸ್ವಲ್ಪ ರೀ."

ಅವನ ಕಿವಿ, ಅವನ ಮೈ, ಅವನ ಬಾಲ್ಯವೆಲ್ಲ ಬೇಡ ಎನ್ನುತ್ತಿತ್ತು. ಅವನು ಕಣ್ಣು ಮುಚ್ಚಿ, ಆಕೆಯ ದನಿಯೊಂದನ್ನೇ ಹಿಡಿದುಕೊಂಡು, ಕೂದಲೆಳೆಯಷ್ಟು ಕೆರೆದ. ಹೀಗೆ ಆರು ಸಲ.

"ಸಾಕು" ಎಂದಳು.

ಆಕೆ ತೋಳಿನ ದೂರವನ್ನು ಬಿಟ್ಟು ಹತ್ತಿರ ಸರಿದು ತಾನೇ ತಿದಿ ಒತ್ತಿದಳು. ಅವನು ಗಾಂಧಾರದ ಮನೆಯ ಮೇಲೆ ಬೆರಳಿಟ್ಟ. ಪೆಟ್ಟಿಗೆಯ ಸ್ವರ ಆಕೆಯ ಸ್ವರದೊಳಗೆ ಹೋಗಿ ಸೇರಿತು, ಯಾವುದು ಯಾರದು ಎಂದು ತಿಳಿಯದಂತೆ. ಆದರೂ ಅವನ ಕಿವಿಗೆ ಅದು ಏರಾಗಿಯೇ ಕೇಳಿಸುತ್ತಿತ್ತು. ಇನ್ನೂ ಬಹಳ ದಿನ ಹಾಗೇ ಕೇಳಿಸೀತು.

ಅವನು ಅರವನ್ನು ಕೆಳಗಿಟ್ಟ.