ಯೂದ ಕುದುರೆಗೆ ಬಿದ್ದ ಗುಂಡು

ಆಗಸ್ಟ್ 19, ಮಂಗಳವಾರ, ಬೆಳಗ್ಗೆ 8:40. ನೆವಾಡಾದ ಗ್ರೀಸ್‌ವುಡ್ ಕೌಂಟಿ ಠಾಣೆಯ ವೈರ್‌ಲೆಸ್ಸಿನಲ್ಲಿ ಮೊದಲು ಬಂದದ್ದು ಬೈಗುಳ, ಆಮೇಲೆ ದೂರು. ಕಾಡುಕುದುರೆ ಹಿಡಿಯುವ ಗುತ್ತಿಗೆದಾರ ರಸೆಲ್ ಪ್ಯಾಕ್ಸ್‌ಟನ್ ಕಿರುಚುತ್ತಿದ್ದ.

"ನಮ್ಮ ಹೆಲಿಕಾಪ್ಟರಿಗೆ ಗುಂಡು ಹೊಡೆದಿದಾರೆ! ನನ್ನ ಕುದುರೆ ಸತ್ತುಬಿದ್ದಿದೆ!"

"ಹೆಲಿಕಾಪ್ಟರಿಗೋ, ಕುದುರೆಗೋ?" ಸಾರ್ಜೆಂಟ್ ಲೊರೆಟಾ ಎಚಾರ್ಟ್ ಕೇಳಿದಳು.

"ಹೆಲಿಕಾಪ್ಟರಿಗೆ ಅಂತ್ಲೇ ಬರ್ಕೊಳ್ಳಿ."

"ಏನು ಬರೀಬೇಕು ಅಂತ ನಾನು ಬಂದು ನೋಡ್ತೀನಿ. ಯಾರೂ ಏನನ್ನೂ ಮುಟ್ಟಬೇಡಿ."

ಕುದುರೆ ಕೊಂದವನಿಗೆ ಎರಡೋ ಮೂರೋ ವರ್ಷ ಜೈಲು. ಹಾರುತ್ತಿರುವ ಹೆಲಿಕಾಪ್ಟರಿಗೆ ಗುಂಡಿಟ್ಟವನಿಗೆ ಇಪ್ಪತ್ತು. FIRನಲ್ಲಿ ಒಂದು ಪದ ಆಚೀಚೆಯಾದರೆ ಯಾರದೋ ಅರ್ಧ ಆಯುಷ್ಯ ಒಳಗೆ ಹೋಗುತ್ತದೆ ಎಂಬುದು ಲೊರೆಟಾಗೆ ಗೊತ್ತಿತ್ತು. ಪ್ಯಾಕ್ಸ್‌ಟನ್‌ಗೂ ಗೊತ್ತಿತ್ತು. ಅವಳಿಗೆ ಕೋಪ ಹತ್ತಿದ್ದು ಅಲ್ಲಿಂದಲೇ.

10:15ಕ್ಕೆ ಅವಳೂ ಡೆಪ್ಯೂಟಿ ಡೆಲ್ಬರ್ಟ್ ಟೈಬೋನೂ ಸ್ಥಳ ಮುಟ್ಟಿದರು. ಆ ಗುಡ್ಡಗಳ ಹುಲ್ಲು ನೂರು ಕುದುರೆಗೆ ಸಾಕಾಗುವಷ್ಟು. ಇದ್ದದ್ದು ನಾನೂರು. ಹಿಡಿಯದೆ ಬಿಟ್ಟರೆ ಚಳಿಗಾಲಕ್ಕೆ ಹಸಿದು ಸಾಯುತ್ತವೆ, ಹಿಡಿಯಲು ಹೋದರೆ ಹೀಗೆ ಸಾಯುತ್ತವೆ. ಬೋಗುಣಿಯಂಥ ಕಣಿವೆಯ ಬಾಯಿಂದ ಗೋಣಿತಟ್ಟು ಹೊದಿಸಿದ ಎರಡು ಉದ್ದನೆಯ ಬೇಲಿಗಳು ತೋಳು ಚಾಚಿದಂತೆ ಪಶ್ಚಿಮಕ್ಕೆ ಅಗಲವಾಗಿದ್ದವು. ಅವುಗಳ ಬುಡದಲ್ಲಿ ದೊಡ್ಡಿ. ಕೆಂದು ಬಣ್ಣದ ಗಂಡು ಕುದುರೆಯೊಂದು ದೊಡ್ಡಿಗೆ ಮುಖ ಮಾಡಿ ಬಿದ್ದಿತ್ತು.

ಅದು ಪ್ಯಾಕ್ಸ್‌ಟನ್‌ನ ಯೂದ ಕುದುರೆ. ಏಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಹೆಸರು ಅದಕ್ಕೆ. ಹೆಲಿಕಾಪ್ಟರ್ ಅಟ್ಟಿಕೊಂಡು ಬರುವ ಹಿಂಡಿನ ಮುಂದೆ ಈ ಪಳಗಿದ ಕುದುರೆಯನ್ನು ಬಿಡುತ್ತಾರೆ. ಅದು ನೇರ ದೊಡ್ಡಿಗೆ ಓಡುತ್ತದೆ. ಬೆದರಿದ ಹಿಂಡು, ದಾರಿ ಬಲ್ಲವನು ಸಿಕ್ಕ ಎಂದು ಹಿಂದೆಯೇ ನುಗ್ಗುತ್ತದೆ.

ಇವತ್ತು ಮುಂದಾಳು ಬಿದ್ದದ್ದೇ ತಡ, ಹಿಂಡು ಚೆಲ್ಲಾಪಿಲ್ಲಿಯಾಗಿ ಬೇಲಿಗೆ ನುಗ್ಗಿತ್ತು. ಒಂದು ಹೆಣ್ಣು ಕುದುರೆ ಕತ್ತು ಮುರಿದುಕೊಂಡು ಸತ್ತಿತ್ತು. ಕಾಲು ಮುರಿದ ಮರಿಯೊಂದಕ್ಕೆ ಪಶುವೈದ್ಯೆ ಸೂಜಿ ಕೊಟ್ಟು ಮುಗಿಸಿದ್ದಳು.

ಪಶುವೈದ್ಯೆಯನ್ನೂ ಹೆಲಿಕಾಪ್ಟರಿನ ಪೈಲಟ್‌ನನ್ನೂ ಪಂಚರನ್ನಾಗಿಟ್ಟುಕೊಂಡು 10:40ಕ್ಕೆ ಪಂಚನಾಮೆ ಶುರುವಾಯಿತು. ಒಂದೇ ಗುಂಡು, ಎಡ ಪಕ್ಕೆಯ ಹಿಂಭಾಗದಿಂದ ಒಳಹೊಕ್ಕದ್ದು. ವಾಯವ್ಯಕ್ಕೆ ಎಪ್ಪತ್ತೆರಡು ಹೆಜ್ಜೆ ದೂರದ ಜುನಿಪರ್ ಮರದ ಬುಡದಲ್ಲಿ ಒಂದು ಖಾಲಿ ತೋಟಾ. ಟೈಬೋ ಅಲ್ಲಿ ಮಂಡಿಯೂರಿ ಕೂತವನು ತುಂಬ ಹೊತ್ತು ಏಳಲೇ ಇಲ್ಲ.

"ಏನಯ್ಯಾ, ಪ್ರಾರ್ಥನೆಗೆ ಕೂತೆಯಾ?"

"ಇಲ್ನೋಡಿ ಮೇಡಂ. ಬೂಟಿನ ಗುರುತಿನ ಎದುರಿಗೇ ಗೊರಸಿನ ಗುರುತು, ಮೂತಿ ಅವನ ಎದೆಗೆ ತಾಗೋ ಹಾಗೆ. ಕುದುರೆ ಇವನ ಹತ್ರ ನಡ್ಕೊಂಡು ಬಂದಿದೆ. ಇಷ್ಟು ನಿಧಾನವಾಗಿ, ಇಷ್ಟು ಖುಷಿಯಾಗಿ ನಾನು ನಮ್ಮತ್ತೆ ಮನೆಗೂ ಹೋಗಲ್ಲ. ಇಲ್ಲಿ ನಿಂತಿದೆ. ಆಮೇಲೆ ತಿರುಗಿ ದೊಡ್ಡಿ ಕಡೆ ನಾಗಾಲೋಟ."

ಲೊರೆಟಾ ಪ್ಯಾಕ್ಸ್‌ಟನ್‌ನತ್ತ ನಡೆದಳು.

"ಬಿಟ್ಟ ತಕ್ಷಣ ಕುದುರೆ ನೇರ ದೊಡ್ಡಿಗೆ ಓಡ್ತಾ?"

"ಓಡ್ತು."

"ಸುಳ್ಳು."

ಅವನು ಟೋಪಿ ಸರಿಮಾಡಿಕೊಂಡ. "ಸ್ವಲ್ಪ ಆ ಕಡೆ ಹೋಯ್ತು. ಒಂದು ನಿಮಿಷ. ಅದನ್ನೆಲ್ಲ ಬರೀಬೇಕಾ?"

"ಹಿಂಡು ಬಂದಾಗ ಹೆಲಿಕಾಪ್ಟರ್ ಎಲ್ಲಿತ್ತು?"

ಉತ್ತರ ಕೊಟ್ಟವನು ಪೈಲಟ್. "ಅವುಗಳ ಹಿಂದೆ, ಪಶ್ಚಿಮಕ್ಕೆ ಅರ್ಧ ಮೈಲಿ. ನಂಗೆ ಗುಂಡಿನ ಸದ್ದೂ ಕೇಳಿಲ್ಲ."

"ಗುಂಡು ಹೋಗಿರೋದು ಆಗ್ನೇಯಕ್ಕೆ, ದೊಡ್ಡಿ ಕಡೆ. ಈ ಕಡೆ ನಿಂತು ಆ ಕಡೆ ಹೊಡೆದು ಹಿಂದಿರೋ ಹೆಲಿಕಾಪ್ಟರ್ ಬೀಳಿಸೋ ಬಂದೂಕು ಇದ್ರೆ ಹೇಳಿ ಪ್ಯಾಕ್ಸ್‌ಟನ್, ಠಾಣೆಗೊಂದು ತರಿಸ್ತೀನಿ."

ಕುದುರೆ ಹಿಡಿಯುವ ಗುತ್ತಿಗೆ ಕೊಟ್ಟ ಭೂ ಇಲಾಖೆಯ ಅಧಿಕಾರಿ ನೆರಳಿನಿಂದ ಮುಂದೆ ಬಂದ. "ಸಾರ್ಜೆಂಟ್, ಹೆಲಿಕಾಪ್ಟರ್ ಅಂತಾದ್ರೆ ಇದನ್ನ ನೋಡೋಕೆ ಬರೋ ಸಾರ್ವಜನಿಕರನ್ನ ಇಲ್ಲಿಗೆ ಬಿಡೋದನ್ನೇ ನಿಲ್ಲಿಸಬಹುದು. ಕೆಲಸ ಸಲೀಸು."

"ನಿಮ್ಮ ಕೆಲಸ ಸಲೀಸಾಗಲಿ ಅಂತ ಒಬ್ಬನಿಗೆ ಇಪ್ಪತ್ತು ವರ್ಷವಾ? ದೂರ ಅಳೆದಿದೀನಿ, ದಿಕ್ಕು ಬರೆದಿದೀನಿ, ಪಂಚರ ಸಹಿ ಬಿದ್ದಿದೆ. ಇನ್ನು ಅದು ಅಲ್ಲಾಡಲ್ಲ."

ಸತ್ತ ಕುದುರೆಯ ಕತ್ತಿನ ಎಡಗಡೆ, ಕೇಸರದ ಕೆಳಗೆ, ಸರ್ಕಾರಿ ಮುದ್ರೆ ಇತ್ತು. ಹಿಡಿದ ಪ್ರತಿ ಕುದುರೆಗೂ ಕೊರೆಯುವಷ್ಟು ತಣ್ಣಗಾಗಿಸಿದ ಕಬ್ಬಿಣದಿಂದ ಒತ್ತುವ, ಅದರ ಸಂಖ್ಯೆ ಹೇಳುವ ಬಿಳಿ ಗೀಟುಗಳು ಅವು. ಲೊರೆಟಾ ಕೂದಲನ್ನು ಸರಿಸಿ, ಗೀಟುಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿಕೊಂಡಳು.

"ಇದನ್ನ ಎಲ್ಲಿಂದ ತಂದ್ರಿ?"

"ಹರಾಜಿನಲ್ಲಿ. ನಾನು ಕಲಿಸಿದ್ದೇ ಕಮ್ಮಿ ಮೇಡಂ. ತಲೆ ಮೇಲೆ ಹೆಲಿಕಾಪ್ಟರ್ ಬಂದ್ರೂ ಕಿವಿ ಅಲ್ಲಾಡಿಸ್ತಿರ್ಲಿಲ್ಲ. ಅಂಥದ್ದು ಇನ್ನೊಂದು ಸಿಗಲ್ಲ."

ಮಧ್ಯಾಹ್ನ 1:20. ಮುದ್ರೆಯ ಸಂಖ್ಯೆ ಕೊಟ್ಟದ್ದಕ್ಕೆ ದಾಖಲೆ ಕಚೇರಿಯ ಗುಮಾಸ್ತೆ ಓದಿ ಹೇಳಿದಳು: ಐದು ವರ್ಷದ ಹಿಂದೆ ಇದೇ ಗುಡ್ಡದಲ್ಲಿ ಹಿಡಿದದ್ದು, ಆಗ ಎರಡು ವರ್ಷದ್ದು. ಆಮೇಲೆ, ಕೈದಿಗಳೇ ಕುದುರೆ ಪಳಗಿಸುವ ಜೈಲಿನ ಅಂಗಳಕ್ಕೆ ಕಳಿಸಲಾಗಿದೆ.

1:45ಕ್ಕೆ ಜೈಲಿನ ಅಂಗಳದ ಮೇಲ್ವಿಚಾರಕ ಫೋನಿಗೆ ಸಿಕ್ಕ. "ಆ ಕೆಂದು ಕುದುರೆನಾ? ಮರೆಯೋದಾ ಅದನ್ನ! ಎಲೆ ಬಿದ್ದ ಸದ್ದಿಗೆ ಬೇಲಿ ಹಾರ್ತಿತ್ತು. ಮಾರ್ಲನ್ ಡೀಟ್ಸ್ ಅಂತ ಒಬ್ಬ ಕೈದಿ, ಎಲೆ ಗುಡಿಸೋ ಗಾಳಿ ಯಂತ್ರ ಇರುತ್ತಲ್ಲ, ಅದನ್ನ ಹಿಡ್ಕೊಂಡು ಎಂಟು ತಿಂಗಳು ಅದರ ಜೊತೆ ಸುತ್ತಿದ. ಕೊನೆಗೆ ಯಂತ್ರ ಕಿವಿ ಹತ್ರ ಹಿಡಿದ್ರೂ ನಿದ್ದೆ ಮಾಡ್ತಿತ್ತು. ಹರಾಜಿನ ದಿನ ಡೀಟ್ಸ್ ಊಟ ಮುಟ್ಲಿಲ್ಲ."

"ಡೀಟ್ಸ್ ಈಗ ಎಲ್ಲಿ?"

"ಮಾರ್ಚಲ್ಲಿ ಬಿಡುಗಡೆ ಆದ. ನಿಮ್ಮ ಕೌಂಟಿಯಲ್ಲೇ ಮೇವಿನ ಹೊಲದಲ್ಲಿ ಕೆಲಸ. ಯಾಕೆ, ಏನು ಮಾಡ್ಕೊಂಡ?"

ಅವಳು ಫೋನಿಟ್ಟಳು. ಕುದುರೆ ಹಿಡಿಯುವುದನ್ನು ನೋಡಲು ಬಂದವರು ಸಹಿ ಹಾಕುವ ಪುಸ್ತಕವನ್ನು ಟೈಬೋ ತಂದಿದ್ದ. ಆಗಸ್ಟ್ 17, ಭಾನುವಾರ, ನಾಲ್ಕನೇ ಸಾಲು: ಎಂ. ಡೀಟ್ಸ್. ಕೈಬರಹ ಶಾಲೆಯ ಹುಡುಗನದರಂತೆ ದುಂಡಗಿತ್ತು.

ಸಂಜೆ 4:30. ಲೂಸರ್ನ್ ಮೇವಿನ ಹೊಲದಲ್ಲಿ ನೀರು ಚಿಮ್ಮಿಸುವ ಗಾಲಿಯ ಕೆಳಗೆ ಒಬ್ಬ ಮಲಗಿ ಬೋಲ್ಟು ಬಿಗಿಯುತ್ತಿದ್ದ. ಪೊಲೀಸ್ ಗಾಡಿ ಕಂಡು ಎದ್ದ, ಕೈ ಒರೆಸಿಕೊಂಡ, ಕೈಗಳನ್ನು ಕಾಣುವಂತೆ ಮುಂದಿಟ್ಟ. ಆ ಅಭ್ಯಾಸ ಜೈಲಿನದು.

"ಬಂದೂಕು ಗಾಡಿ ಸೀಟಿನ ಹಿಂದಿದೆ," ಎಂದ. ಯಾರೂ ಕೇಳಿರಲಿಲ್ಲ.

"ಶಿಕ್ಷೆ ಆದವನು ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ."

"ಬೆಳಗ್ಗೆ ಏನಾಯ್ತು, ಹೇಳು."

"ಭಾನುವಾರ ನನ್ನ ಕೆಂದು ಕುದುರೆನ ನೋಡಿದೆ. ಹನ್ನೊಂದು ಕುದುರೆ ಅವನ ಹಿಂದೆ ಓಡ್ಕೊಂಡು ಬಂದ್ವು. ಅವನನ್ನ ನಂಬಿ. ಮೊದಲು ನಂಗೆ ಅವನು ಅಂತ ಗೊತ್ತಾಗ್ಲಿಲ್ಲ. ಓಡೋದು ನೋಡಿ ಗೊತ್ತಾಯ್ತು. ಕರ್ಕೊಂಡು ಹೋಗೋಣ ಅಂತ ಇವತ್ತು ಹಗ್ಗ ತಗೊಂಡು ಹೋದೆ."

"ಹಗ್ಗ ತಗೊಂಡು ಹೋದವನ ಕೈಗೆ ಬಂದೂಕು ಯಾಕೆ ಬಂತು?"

ಡೀಟ್ಸ್ ಕೈಯ ಗ್ರೀಸನ್ನು ಮತ್ತೆ ಒರೆಸತೊಡಗಿದ.

"ಯಾಕೆ ಬಂತು ಅಂತ ಕೇಳ್ದೆ."

"ಬರದೇ ಇದ್ರೆ ಅಂತ."

"ಬಂತಲ್ಲ! ನಿನ್ನೆದೆಗೆ ಮೂತಿ ತಾಗಿಸಿ ನಿಂತಿತ್ತಲ್ಲ!"

"ಕರೆದೆ, ಬಂದ. ಹಗ್ಗ ಕತ್ತಿಗೆ ಹಾಕ್ತಿದ್ದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಸದ್ದು ಕೇಳಿಸ್ತು. ಬೇರೆ ಯಾವ ಕುದುರೆ ಆದ್ರೂ ಹೆದರಿ ನನ್ನ ಹಿಂದೆ ಅಡಗ್ತಿತ್ತು. ಇವನು ತಲೆ ಎತ್ತಿದ, ಕೆಲಸದ ಹೊತ್ತಾಯ್ತು ಅನ್ನೋ ಹಾಗೆ ಹಿಂಡಿನ ಮುಂದಕ್ಕೆ ಹೊರಟುಹೋದ. ಹೆದರ್ಬೇಡ, ಏನೂ ಆಗಲ್ಲ ಅಂತ ಕಲಿಸಿದ್ದು ನಾನೇ ಮೇಡಂ. ಎಂಟು ತಿಂಗಳು."

"ನೀನು ಹೊಡೆದ ಮೇಲೆ ಹಿಂಡು ಬೇಲಿಗೆ ನುಗ್ಗಿತು. ಒಂದು ತಾಯಿ, ಒಂದು ಮರಿ ಸತ್ತವು. ಮರಿಗೆ ನಾಲ್ಕು ತಿಂಗಳಾಗಿತ್ತಂತೆ."

"ಅವು ತಪ್ಪಿಸ್ಕೊಂಡ್ವು ಅಂದ್ಕೊಂಡಿದ್ದೆ. ಧೂಳಿನಲ್ಲಿ…"

"ನೀನು ಓಡಿಹೋದೆ! ನಿಂತು ನೋಡಿದ್ರೆ ಗೊತ್ತಾಗ್ತಿತ್ತು!"

ಅವಳ ದನಿ ಹೊಲದ ಆ ತುದಿಗೂ ಕೇಳಿರಬೇಕು. ಟೈಬೋ ಬೇರೆ ಕಡೆ ನೋಡಿದ. ಡೀಟ್ಸ್ ಗಾಲಿಗೆ ಒರಗಿ ಕೂತ. 4:55ಕ್ಕೆ ದಸ್ತಗಿರಿ ಮಾಡಿ ಕೈಕೋಳ ಹಾಕಲಾಯಿತು.

ಠಾಣೆಗೆ ಬಂದಾಗ ಭೂ ಇಲಾಖೆಯ ಅಧಿಕಾರಿಯ ಫೋನು ಕಾದಿತ್ತು. ಹೆಲಿಕಾಪ್ಟರ್ ಕಲಂ ಸೇರಿಸಲು ಇನ್ನೂ ಸಮಯವಿದೆ ಎಂದ. ನಾಳೆ ಬೆಳಗ್ಗೆ ಏಳಕ್ಕೆ ಹಿಡಿಯುವ ಕೆಲಸ ಮತ್ತೆ ಶುರು, ಪ್ಯಾಕ್ಸ್‌ಟನ್ ಬೇರೆ ಕುದುರೆ ತರಿಸಿದ್ದಾನೆ ಎಂದೂ ಹೇಳಿದ. ಸತ್ತವುಗಳ ಲೆಕ್ಕದಲ್ಲಿ ಇಲಾಖೆ ತೋರಿಸಿದ್ದು ಎರಡು. ಯೂದ ಕುದುರೆ ಖಾಸಗಿಯದು, ಅದು ಲೆಕ್ಕಕ್ಕಿಲ್ಲ.

"ಕಲಂ ಸೇರಿಸಲ್ಲ," ಎಂದು ಲೊರೆಟಾ ಫೋನನ್ನು ಕುಕ್ಕಿಟ್ಟಳು.

ಮೂರು ಕಲಂಗಳನ್ನು ಬರೆದಳು: ಪ್ರಾಣಿಹತ್ಯೆ, ಕಾನೂನುಬಾಹಿರ ಬಂದೂಕು, ಸರ್ಕಾರಿ ಕೆಲಸಕ್ಕೆ ಅಡ್ಡಿ. ಕೃತ್ಯದ ಕಾರಣ ಎಂಬ ಜಾಗಕ್ಕೆ ಬಂದಾಗ 'ದ್ವೇಷ' ಎಂದು ಬರೆದು ಹೊಡೆದುಹಾಕಿದಳು. ಆಮೇಲೆ ಬರೆದಳು:

"ಸದರಿ ಕುದುರೆಗೆ ಸದ್ದಿಗೆ ಹೆದರದಿರುವುದನ್ನು ಆರೋಪಿಯೇ ಕಲಿಸಿದ್ದನು. ಆರೋಪಿ ಕರೆದಾಗ ಕುದುರೆ ಬಂದಿತು. ಹೆಲಿಕಾಪ್ಟರ್ ಸದ್ದು ಕೇಳಿ, ಹೆದರದೆ, ಅವನನ್ನು ಬಿಟ್ಟು ಹೋಯಿತು."