‘ನೋಡಿ ಉರ್ಕೋ’ ಬಿದ್ದ ದಿನ

“ಎಡಕ್ಕೆ, ಎಡಕ್ಕೆ. ಬಿಡ್ಬೇಡ,” ಎಂದು ಅಜ್ಜ ಕೂಗಿದ.

ಮೊಲ ಎಡಕ್ಕೇ ಹೋಯಿತು. ಅದರ ಹಿಂದೆ ಕಂದು ನಾಯಿಯೂ ಎಡಕ್ಕೆ ತಿರುಗಿತು. ಆದರೆ ಅದರ ಹಿಂಗಾಲುಗಳು ಮಾತ್ರ ಬಲಕ್ಕೆ ಹೋದವು. ಮೊಮ್ಮಗಳು ತಲಾತಳಿಗೆ ಮೊದಲು ನಗು ಬಂತು. ಸಂತೆಯಲ್ಲಿ ಕುಡಿದವರು ಮನೆಗೆ ಹೀಗೇ ಬರುತ್ತಾರೆ. ಅಷ್ಟರಲ್ಲಿ ನಾಯಿ ಸುಟ್ಟ ಹುಲ್ಲಿನ ಮೇಲೆ ಧೊಪ್ಪನೆ ಬಿತ್ತು. ಮತ್ತೆ ಏಳಲಿಲ್ಲ.

ಅವತ್ತು ಊರಿನ ಬೇಟೆ. ಉಳಿದವರೆಲ್ಲ ಮೊಲದ ಹಿಂದೆ ಒಣ ಹಳ್ಳ ದಾಟಿ ಹೋದರು. ತಲಾತ ಓಡಿಹೋಗಿ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ತೆರೆದಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಮೈ ಗಡಗಡ ನಡುಗುತ್ತಿತ್ತು. ಮರಿಯಾಗಿದ್ದಾಗಿನಿಂದ ಅದನ್ನು ಸಾಕಿದವಳೇ ಅವಳು. ಅವಳ ಚಾಪೆಯಲ್ಲಿ ಅರ್ಧ ಅದರದ್ದೇ.

“ಹಾವೇ,” ಎಂದ ಅಜ್ಜ. ಡಬ್ಬದಲ್ಲಿದ್ದ ನೀರನ್ನೆಲ್ಲ ಸುರಿದು ನಾಯಿಯ ಕಾಲು ತೊಳೆದು ಹುಡುಕಿದ. ಬಾಲ ಎತ್ತಿ ನೋಡಿದ. ಮೂಗು ನೋಡಿದ. ಎಲ್ಲೂ ಗಾಯ ಸಿಗಲಿಲ್ಲ. “ಎಲ್ಲಿ ಕಚ್ಚಿದೆ ಅಂತ ಹೇಳ್ಬಾರ್ದಾ,” ಎಂದು ನಾಯಿಯನ್ನೇ ಗದರಿದ.

“ಅಜ್ಜ, ಅದು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಿನ್ನೆ ರಾತ್ರಿನೂ ಹಾಕಬೇಡ ಅಂದೆ.”

“ಬೇಟೆ ನಾಯಿಗೆ ಹೊಟ್ಟೆ ತುಂಬಿಸ್ತಾರಾ? ಓಡಲ್ಲ, ಮಲಗಿಬಿಡುತ್ತೆ.”

“ಈಗ್ಲೂ ಮಲಗಿದೆಯಲ್ಲ.”

ಅಜ್ಜ ತಲೆ ಕೆರೆದುಕೊಂಡ.

ಹೋದ ತಿಂಗಳು ತಲಾತಳೂ ಹೀಗೇ ಬಿದ್ದಿದ್ದಳು. ಲೇಟಾಯಿತೆಂದು ಗಂಜಿ ಕುಡಿಯದೆ ಸ್ಕೂಲಿಗೆ ಓಡಿದ್ದಳು. ಅಸೆಂಬ್ಲಿಯಲ್ಲಿ ಮೊದಲು ಮೊಣಕಾಲು ನಡುಗಿತು. ಆಮೇಲೆ ಹೆಡ್‌ಮಾಸ್ಟರು ಇಬ್ಬರಾದರು. ಒಬ್ಬರಿದ್ದಾಗಲೇ ಅವಳಿಗೆ ಸಾಕಾಗಿತ್ತು. ಮೇಡಂ ಸಕ್ಕರೆ ನೀರಿನಲ್ಲಿ ಬೆರಳು ಅದ್ದಿ ಅದ್ದಿ ನೆಕ್ಕಿಸಿದ ಮೇಲೆ ಎದ್ದು ಕೂತಿದ್ದಳು.

“ಅಜ್ಜ, ಇದಕ್ಕೆ ಸಕ್ಕರೆ ಬೇಕು.”

“ಈ ಕಾಡಲ್ಲಿ ಯಾರು ಅಂಗಡಿ ಇಟ್ಟಿದಾರೆ? ಡಾಕ್ಟ್ರು ಬೇಕಂದ್ರೂ ಬೊಲ್ಗ ಪೇಟೆಗೇ ಹೋಗ್ಬೇಕು.”

ಆಗ ಹಿಂದೆ ಕೆಮ್ಮಿದ ಸದ್ದಾಯಿತು. ಪಕ್ಕದ ಮನೆಯ ಅಯಾಂಗ ತಾತ ತನ್ನ ನಾಯಿಯ ಜೊತೆ ನಿಂತಿದ್ದ. ಅವನ ಹೆಗಲಲ್ಲಿ ಸೋರೆಬುರುಡೆ ತೂಗುತ್ತಿತ್ತು. ಅದರಲ್ಲಿ ಏನಿರುತ್ತದೆಂದು ಊರಿಗೇ ಗೊತ್ತು. ಸಜ್ಜೆ ಹಿಟ್ಟು ಕದಡಿದ ನೀರು, ಅದಕ್ಕೆ ಶುಂಠಿ, ಮತ್ತೆ ಬಾಯಿ ಅಂಟುವಷ್ಟು ಸಕ್ಕರೆ. ತಾತನಿಗೆ ಸಿಹಿ ಎಂದರೆ ಪ್ರಾಣ.

ಕೇಳಿದರೆ ಆಯಿತಲ್ಲ ಎನ್ನಬಹುದು. ಕೇಳುವ ಹಾಗಿರಲಿಲ್ಲ, ಅದಕ್ಕೆ ತಲಾತಳ ನಾಯಿಯ ಹೆಸರೇ ಕಾರಣ. ಅದರ ಹೆಸರು ‘ನೋಡಿ ಉರ್ಕೋ.’

ಆ ಊರಲ್ಲಿ ನಾಯಿಗೆ ಸುಮ್ಮನೆ ಹೆಸರಿಡುವುದಿಲ್ಲ. ಪಕ್ಕದವರ ಮುಖಕ್ಕೆ ಹೇಳಲಾಗದ ಮಾತನ್ನು ನಾಯಿಗೆ ಹೆಸರಾಗಿ ಇಡುತ್ತಾರೆ. ಆಮೇಲೆ ಬೆಳಿಗ್ಗೆ ಎದ್ದು ನಾಯಿಯನ್ನು ಜೋರಾಗಿ ಕರೆಯುತ್ತಾರೆ. ಯಾರಾದರೂ ಜಗಳಕ್ಕೆ ಬಂದರೆ, ನಾಯಿಯನ್ನು ಕರೆದೆನಪ್ಪ ಎಂದರಾಯಿತು.

ಅಜ್ಜನ ಗಿನಿಕೋಳಿ ಅಯಾಂಗ ತಾತನ ಹೊಲದಲ್ಲಿ ಮೊಟ್ಟೆ ಇಟ್ಟಿತ್ತು. ಮೊಟ್ಟೆ ಕೋಳಿಯವನದ್ದೋ ಹೊಲದವನದ್ದೋ ಎಂದು ಇಬ್ಬರೂ ವಾದ ಮಾಡುತ್ತಿರುವಾಗಲೇ ಮೊಟ್ಟೆ ಒಡೆದು ಮರಿಗಳು ಕಾಡಿಗೆ ಓಡಿಹೋದವು. ಜಗಳ ಮಾತ್ರ ಎಲ್ಲೂ ಹೋಗಲಿಲ್ಲ. ಅಜ್ಜ ಹೊಸ ಸೈಕಲ್ ತಂದ, ಅದರ ಹಿಂದೆಯೇ ನಾಯಿಮರಿ ತಂದ, ಅದಕ್ಕೆ ‘ನೋಡಿ ಉರ್ಕೋ’ ಎಂದು ಹೆಸರಿಟ್ಟ. ಅಯಾಂಗ ತಾತನೂ ಒಂದು ನಾಯಿ ತಂದು ‘ನಕ್ಕು ಸುಮ್ನಿದೀನಿ’ ಎಂದು ಕರೆದ. ಮನೆಗೆ ಯಾರೇ ಬಂದರೂ ಮೊದಲು ಹಿಟ್ಟಿನ ನೀರು ಕೊಡುವ ಊರು ಅದು. ಆದರೆ ಈ ಎರಡು ಮನೆಯವರು ಮಾತ್ರ ಒಬ್ಬರ ಬಟ್ಟಲು ಒಬ್ಬರು ಮುಟ್ಟುತ್ತಿರಲಿಲ್ಲ.

ತಲಾತ ಅಜ್ಜನ ಕಡೆ ನೋಡಲಿಲ್ಲ. ನೋಡಿದರೆ ಬೇಡ ಎಂದುಬಿಡುತ್ತಾನೆ.

“ತಾತಾ, ನಿಮ್ಮ ಹಿಟ್ಟಿನ ನೀರು ಕೊಡ್ತೀರಾ? ನಾಯಿ ಸಾಯ್ತಿದೆ.”

ಅಯಾಂಗ ತಾತ ಆಗಲೇ ಮಂಡಿಯೂರಿ ಬುರುಡೆಯ ಬಿರಡೆ ತೆಗೆಯುತ್ತಿದ್ದ.

“ಬಾಯಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ,” ಎಂದಳು ತಲಾತ. ತಳದ ಗಟ್ಟಿ ಹಿಟ್ಟನ್ನು ಬೆರಳಲ್ಲಿ ತೆಗೆದು ನಾಯಿಯ ಒಸಡಿಗೆ ಹಚ್ಚಿದಳು. ಇನ್ನೊಮ್ಮೆ ಹಚ್ಚಿದಳು.

“ಹೆಸರು ಹಿಡಿದು ಕರೀತಾ ಇರು. ಎಚ್ಚರ ತಪ್ಪಬಾರ್ದು,” ಎಂದ ತಾತ.

“ನೋ... ನೋಡಿ...” ತಲಾತ ತಾತನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ತಾತ ಅಜ್ಜನ ಕಡೆ ತಿರುಗಿದ. “ಏನಯ್ಯಾ ಇದರ ಹೆಸರು? ನಂಗೆ ಮರೆತುಹೋಗಿದೆ.”

ಅಜ್ಜ ಹತ್ತಿರದ ಹುತ್ತವನ್ನು ಹೊಸದಾಗಿ ಕಂಡವನ ಹಾಗೆ ನೋಡುತ್ತ, “ನೋಡಿ ಉರ್ಕೋ,” ಎಂದು ಗೊಣಗಿದ.

“ಕೇಳಿಸ್ಲಿಲ್ಲ. ದಿನಾ ಬೆಳಿಗ್ಗೆ ನನ್ನ ಗೋಡೆ ಬಿರುಕು ಬಿಡೋ ಹಾಗೆ ಕೂಗ್ತೀಯ. ಇವತ್ತೇನು ಗಂಟಲು ಕಟ್ಟಿದ್ಯಾ?”

ಅಷ್ಟರಲ್ಲಿ ನಾಯಿಯ ನಡುಕ ನಿಂತಿತು. ರೆಪ್ಪೆ ಅರ್ಧ ಮುಚ್ಚಿತು. ತಲಾತ ಅಳಲು ಶುರುಮಾಡಿದಳು.

ತಾತ ಮತ್ತೆ ತಮಾಷೆ ಮಾಡಲಿಲ್ಲ. ನಾಯಿಯ ಕಿವಿಯ ಹತ್ತಿರ ಬಗ್ಗಿದ. “ನೋಡಿ ಉರ್ಕೋ, ಏಳು ಮಗಾ. ನೋಡಿ ಉರ್ಕೋ, ಇಲ್ನೋಡು.” ಮಗುವನ್ನು ಎಬ್ಬಿಸುವ ಹಾಗೆ, ತನ್ನನ್ನೇ ಹಂಗಿಸುವ ಆ ಹೆಸರನ್ನು ಮತ್ತೆ ಮತ್ತೆ ಕರೆದ. ಪಕ್ಕದಲ್ಲಿದ್ದ ‘ನಕ್ಕು ಸುಮ್ನಿದೀನಿ’ ಯಜಮಾನನಿಗೆ ಏನೋ ಆಗಿದೆ ಎಂಬಂತೆ ನೋಡಿತು. ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಒಂದು ಕಿವಿ ಅಲುಗಿತು. ನಾಲಿಗೆ ಹೊರಬಂದು ತಲಾತಳ ಬೆರಳು ನೆಕ್ಕಿತು. ಆಮೇಲೆ ತಾತನ ಅಂಗೈ ನೆಕ್ಕಿತು. ತಾತ ಅಂಗೈಗೆ ಸುರಿದ ಹಾಗೆಲ್ಲ ಕುಡಿಯಿತು. ಕೊನೆಗೆ ಎದ್ದು ಕೂತು, ಶುಂಠಿಯ ಖಾರಕ್ಕೆ ತಾತನ ಗಡ್ಡದ ಮೇಲೆಲ್ಲ ಸೀನಿತು.

“ಶುಂಠಿ ಜಾಸ್ತಿ ಹಾಕ್ತೀಯ ನೀನು,” ಎಂದ ಅಜ್ಜ.

“ಕುಡೀದೆ ನಿಂಗೆ ಹೇಗ್ ಗೊತ್ತಾಯ್ತು?” ಎಂದ ತಾತ.

ಅಜ್ಜ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಮುಂದೆ ನಡೆದ. ಹಿಂದೆ ತಲಾತ, ಅವಳ ಹಿಂದೆ ಅಯಾಂಗ ತಾತ. ದಾರಿಯಲ್ಲಿ ನೀರಿಲ್ಲ, ನೆರಳಿಲ್ಲ. ತಲಾತ ಒಮ್ಮೆ ತಿರುಗಿದಾಗ ತಾತ ಬುರುಡೆಯನ್ನು ಬಾಯಿಗೆ ಬಗ್ಗಿಸುತ್ತಿದ್ದ. ಒಂದು ಹನಿಯೂ ಬೀಳಲಿಲ್ಲ. ಅವಳು ನೋಡಿದ್ದು ಕಂಡು, “ನಂಗೇನೂ ಬಾಯಾರಿಕೆ ಇಲ್ಲ,” ಎಂದು ಒಣಗಿದ ತುಟಿ ಒರೆಸಿಕೊಂಡ.

ಮನೆಗೆ ಬಂದವಳೇ ತಲಾತ ದೊಡ್ಡ ಬಟ್ಟಲಿನಲ್ಲಿ ಹಿಟ್ಟಿನ ನೀರು ಕದಡಿದಳು. ಅಮ್ಮ ನೋಡದ ಹಾಗೆ ಸಕ್ಕರೆ ಹಾಕಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜ. ಎಲ್ಲಿಗೆ ಎಂದು ಕೇಳುತ್ತಾನೆ, ಬಟ್ಟಲು ಕಿತ್ತುಕೊಳ್ಳುತ್ತಾನೆ ಎಂದುಕೊಂಡಳು.

ಅಜ್ಜ ಡಬ್ಬಕ್ಕೆ ಕೈ ಹಾಕಿ ಇನ್ನೊಂದು ಹಿಡಿ ಸಕ್ಕರೆ ಸುರಿದ.

“ಎರಡೂ ಕೈಯಲ್ಲಿ ಹಿಡ್ಕೊ, ಚೆಲ್ಬೇಡ,” ಎಂದ. “ದಾರಿಯುದ್ದಕ್ಕೂ ಉಗುಳು ನುಂಗ್ತಾ ಬಂದಿದಾನೆ.”

ಅಜ್ಜ ಒಂದು ಸಲವೂ ಹಿಂದೆ ತಿರುಗಿರಲಿಲ್ಲ. ತಲಾತ ಅವನ ಮುಖವನ್ನೇ ನೋಡಿದಳು. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ಮನೆಗೆ ಮೆಲ್ಲಗೆ ನಡೆದಳು.