ತಪ್ಪುಕಾಣಿಕೆ

“ಮನೆದೇವ್ರನ್ನ ನೀರಲ್ಲಿ ಬಿಟ್ಟು ನಾ ಲಾರಿ ಹತ್ತಲ್ಲ! ಹತ್ತಿಸ್ಲೇಬೇಕು ಅಂದ್ರೆ ನನ್ ಹೆಣ ಹತ್ತಿಸ್ರಿ!”

ಹೆಂಚಿಳಿಸಿದ ಮನೆಯ ಜಗಲಿಯಲ್ಲಿ ಕೂತು ಹುಲಿಯಮ್ಮ ಎದೆ ಬಡಿದುಕೊಂಡಳು. ಶರಾವತಿಯ ಹಿನ್ನೀರು ಗದ್ದೆಗಳನ್ನು ನುಂಗಿ, ಗುಡ್ಡದ ಬುಡದ ಗವಿಯ ಬಾಯನ್ನೂ ಮುಚ್ಚಿತ್ತು. ತೀರ್ಥಹಳ್ಳಿ ಕಡೆ ಸಿಕ್ಕ ಹೊಸ ಜಾಗಕ್ಕೆ ಪಾತ್ರೆ-ಪಗಡೆ ಹೇರಿಕೊಂಡು ಲಾರಿ ನಿಂತಿತ್ತು. ಆದರೆ ಗವಿಯೊಳಗಿನ ಭೂತಪ್ಪನ ಕಲ್ಲು ಬರಬೇಕಲ್ಲ! ಸೊಸೆ ಕನ್ನಮ್ಮ “ಬೇಡ ಅತ್ತೆ, ನೀರು ಏರ್ತಾನೇ ಇದೆ...” ಎಂದು ಗೋಗರೆದಳು. “ಗಂಡನ್ನ ಸೆರಗಿಗೆ ಕಟ್ಕೊಂಡೋಳು ನೀನು, ದೇವ್ರ ಮಾತು ನಿಂಗ್ಯಾಕೆ?” ಎಂದು ಅತ್ತೆ ಗದರಿದಳು. ತಾಯಿ ಹಾಕಿದ ಗೆರೆ ದಾಟದ ಕಿರಿಮಗ ಜಟ್ಟಪ್ಪ ಪಂಚೆ ಬಿಗಿದು ನೀರಿಗೆ ಧುಮುಕಿಯೇ ಬಿಟ್ಟ.

ಹೋದವನು ಬರಲಿಲ್ಲ. ಮೇಲೆ ಬಂದದ್ದು ಬರೀ ಕೆಸರು, ಗುಳ್ಳೆ... ಕನ್ನಮ್ಮನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಬಂಡೆಯೊಳಗಿಂದ ಟಕ್ ಟಕ್ ಎಂದು ಕಲ್ಲು ಕುಟ್ಟುವ ಸದ್ದು! ಗವಿಯ ಒಳಗೆ ಮೇಲ್ಭಾಗದಲ್ಲಿ ಇನ್ನೂ ಗಾಳಿಯಿದೆ, ಗಂಡ ಬದುಕಿದ್ದಾನೆ, ಕದಡಿದ ನೀರಿನಲ್ಲಿ ದಾರಿ ಕಾಣದೆ ಸಿಕ್ಕಿಕೊಂಡಿದ್ದಾನೆ! ಭಾವ ಧರ್ಮಪ್ಪ ಮುಳುಗಿ ನೋಡಿ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ದಡಕ್ಕೆ ಬಿದ್ದ. “ನನ್ ಕೈಲಾಗಲ್ಲಮ್ಮಾ...” ಎಂದು ಅತ್ತ.

ಕನ್ನಮ್ಮ ದೋಣಿ ನಡೆಸುವವರ ಮನೆಯ ಮಗಳು, ಹೊಳೆಯಲ್ಲೇ ಆಡಿ ಬೆಳೆದವಳು. ಬಾವಿಹಗ್ಗ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಭಾವನ ಕೈಗಿಟ್ಟಳು. ಹುಲಿಯಮ್ಮ ಅಡ್ಡ ಬಂದಳು.

“ಹೆಂಗಸು ಮೆಟ್ಟಿದ್ರೆ ಗವಿ ಮೈಲಿಗೆ ಕಣೇ! ಆಮೇಲೆ ಆ ಕಲ್ಲು ಮುಟ್ಟಂಗಿಲ್ಲ!”

“ಒಳಗಿರೋನು ನೀವು ಹೆತ್ತ ಮಗ ಅಲ್ವಾ ಅತ್ತೆ?”

ಮುದುಕಿ ದಾರಿ ಬಿಡಲಿಲ್ಲ. ಅದೆಂಥ ಹೆತ್ತಕರುಳೋ, ದೇವರೇ ಬಲ್ಲ! ಕನ್ನಮ್ಮ ಅವಳನ್ನು ಪಕ್ಕಕ್ಕೆ ತಳ್ಳಿ ಮುಳುಗಿದಳು.

ಕಗ್ಗತ್ತಲು. ಬಂಡೆ ತರಚಿ ಭುಜ ಉರಿಯಿತು, ಎದೆ ಇನ್ನೇನು ಒಡೆಯಿತು ಎನ್ನುವಾಗ ತಲೆ ನೀರಿನಿಂದ ಮೇಲೆದ್ದಿತು. ಗಾಳಿ! “ಯಾರು?” ಎಂದಿತು ನಡುಗುವ ದನಿ. “ನಾನು.” ಗಲ್ಲದವರೆಗೆ ನೀರಲ್ಲಿ ನಿಂತಿದ್ದ ಜಟ್ಟಪ್ಪ ಅವಳನ್ನು ತಬ್ಬಿ ಮಗುವಿನ ಹಾಗೆ ಅತ್ತ. “ನಿನ್ ಹೆಸ್ರೇ ಕೂಗ್ತಿದ್ದೆ ಕಣೇ... ದೇವ್ರೂ ಬೇಡ, ಏನೂ ಬೇಡ, ನನ್ನ ಕರ್ಕೊಂಡ್ ಹೋಗು!” ಮದುವೆಯಾಗಿ ಇಷ್ಟು ವರ್ಷಕ್ಕೆ ಅವನ ಬಾಯಿಂದ ಅವಳಿಗೆಂದೇ ಬಂದ ಮೊದಲ ಮಾತು ಅದು! ಈ ಜನ್ಮಕ್ಕೆ ಇಷ್ಟು ಸಾಕು ಅನ್ನಿಸಿತು ಅವಳಿಗೆ. ಅವನ ಕೈಗೆ ಹಗ್ಗ ಹಿಡಿಸಿ, “ಉಸಿರು ಕಟ್ಟಿ... ಏನೇ ಆದ್ರೂ ಬಿಡ್ಬೇಡಿ” ಎಂದು ಹಗ್ಗ ಜಗ್ಗಿ ಭಾವನಿಗೆ ಸನ್ನೆ ಮಾಡಿದಳು. ಧರ್ಮಪ್ಪ ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದ.

ಹುಲಿಯಮ್ಮ ಮಗನ ಮೈದಡವಿದಳು. ಆಮೇಲೆ ಅವನ ಬರಿಗೈ ನೋಡಿದಳು. ಮುಖ ಕಪ್ಪಿಟ್ಟಿತು.

“ಇವಳನ್ನ ಒಳಗೆ ಯಾರು ಕರೆದ್ರೋ? ನೀ ಕರೆದ್ಯಾ?”

ಜಟ್ಟಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. “ನಾ ಕರೀಲಿಲ್ಲಮ್ಮ... ಅವಳಾಗೇ ಬಂದ್ಲು.”

ಅಬ್ಬಾ! ಒಳಗಿನ ಕತ್ತಲೆ ಕಂಡಿದ್ದ ಕನ್ನಮ್ಮನಿಗೆ ಈಗ ಹಗಲಲ್ಲೇ ಕಣ್ಣು ಕತ್ತಲಿಟ್ಟಿತು. “ದೇವ್ರನ್ನ ಕಳೆದೋಳು ಹೊಸಮನೆ ಹೊಸಿಲು ಮೆಟ್ಟಂಗಿಲ್ಲ” ಎಂದಳು ಅತ್ತೆ. ಜಟ್ಟಪ್ಪ ಹತ್ತಿರ ಬಂದು ಪಿಸುಗುಟ್ಟಿದ, “ಭೂತಪ್ಪಂಗೆ ಒಂದು ತಪ್ಪುಕಾಣಿಕೆ ಹಾಕ್ಬಿಡೇ... ತಪ್ಪಾಯ್ತು ಅಂದ್ಬಿಡು. ಅಮ್ಮಂಗೆ ಸಮಾಧಾನ ಆಗ್ಲಿ.”

ಕನ್ನಮ್ಮ ಬಗ್ಗಿ ಕಾಲುಂಗುರ ಬಿಚ್ಚಿ, ಒದ್ದೆ ಸೆರಗಿನ ಚೂರು ಹರಿದು ಅದರಲ್ಲಿ ಕಟ್ಟಿದಳು. ನೀರಿನಂಚಿಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ತಪ್ಪಾಯ್ತು ಭೂತಪ್ಪ. ಇಂಥವನಿಗೋಸ್ಕರ ನಿನ್ ಗವಿ ಮೆಟ್ಟಿದೆ. ಹೊಟ್ಟೆಗೆ ಹಾಕ್ಕೋ.”

ಗಂಟು ಮುಳುಗಿತು. ಅವಳು ತವರಿಗೆ ಹೋಗುವ ದೋಣಿಕಡವಿನ ಕಡೆ ನಡೆದಳು. ಜಟ್ಟಪ್ಪ ಲಾರಿ ಹತ್ತಿ ತಾಯಿಯ ಪಕ್ಕದಲ್ಲಿ ಕೂತ.